ಅರ್ಧ ಸುತ್ತು

ನಾನೂ ನನ್ನ ಹೆಂಡತಿಯೂ ಬೆಳಿಗ್ಗೆ ವಾಕಿಂಗ್ ಹೋಗುವುದನ್ನು ಮೊದಲ ಸಲ ನೋಡಿದವರು, ಇವರಿಬ್ಬರೂ ಮನೆಯಲ್ಲಿ ಜಗಳ ಮಾಡಿಕೊಂಡೇ ಹೊರಟಿದ್ದಾರೆ ಅಂದುಕೊಳ್ಳುತ್ತಾರೆ. ಆಕೆ ಮುಂದೆ, ನಾನು ಹಿಂದೆ, ನಡುವೆ ಒಂದು ಎತ್ತಿನಗಾಡಿ ಆರಾಮಾಗಿ ತಿರುಗುವಷ್ಟು ಜಾಗ. ಜಗಳವೇನೂ ಇರುವುದಿಲ್ಲ, ಇದ್ದರೂ ಅದು ಇವತ್ತಿನದಲ್ಲ. ನನ್ನ ಕಾಲುಗಳು ತೂಬು ಕಂಡಲ್ಲೆಲ್ಲ ನಿಂತುಬಿಡುತ್ತವೆ, ಅಷ್ಟೆ. ಅಂಜನಾಪುರ ಡ್ಯಾಮಿನ ಚಾನಲ್ ಏರಿಯ ಮೇಲೆ ನಾವು ನಡೆಯುವ ದಾರಿಯಲ್ಲಿ ಹದಿನಾಲ್ಕು ತೂಬುಗಳಿವೆ. ಹದಿನಾಲ್ಕು ಕಡೆಯೂ ನಿಂತು, ಬಗ್ಗಿ, ಗೇಟು ಸರಿಯಾಗಿ ಕೂತಿದೆಯೋ, ಸಂದಿಯಲ್ಲಿ ನೀರು ಜಿನುಗುತ್ತಿದೆಯೋ ನೋಡದೆ ಮುಂದಕ್ಕೆ ಹೋಗಲಾರೆ.

“ಎಂತದ್ರೀ ಅದು, ಒಂದೊಂದಕ್ಕೂ ಅಡ್ಡ ಬಿದ್ದು ಬರೋದು? ತೂಬಿಗೆಲ್ಲ ಹರಕೆ ಹೊತ್ತವರ ಹಾಗೆ!” ಅಂತ ಆಕೆ ಮುಂದಿನಿಂದಲೇ, ತಿರುಗಿ ನೋಡದೆ ಕೂಗುತ್ತಾಳೆ. ಸರೋಜಾ ಸೊರಬದ ಕಡೆಯವಳು, ಹೊಸಬಾಳೆಯವಳು. ಮದುವೆಯಾಗಿ ಶಿಕಾರಿಪುರಕ್ಕೆ ಬಂದು ನಲವತ್ತು ವರ್ಷವಾದರೂ ಆಕೆಯ ‘ಎಂತ’ ನಮ್ಮ ‘ಏನು’ ಆಗಲಿಲ್ಲ. ನಾನೂ ತಿದ್ದಲು ಹೋಗಿಲ್ಲ. ಬೈಯುವಾಗ ಆ ‘ಎಂತ’ಕ್ಕೆ ಇರುವ ಮೊನೆ ನಮ್ಮ ‘ಏನು’ಗೆ ಇಲ್ಲ.

ನಾನು ಮೂವತ್ತೆರಡು ವರ್ಷ ಈ ಚಾನಲ್ಲಿಗೆ ಸೌಡಿಯಾಗಿದ್ದವನು. ಪೇಟೆಯವರಿಗೆ ಸೌಡಿ ಅಂದರೆ ಯಾರೆಂದು ಗೊತ್ತಿರಲಿಕ್ಕಿಲ್ಲ. ಡ್ಯಾಮಿನ ನೀರು ಗದ್ದೆ ಮುಟ್ಟುವ ಮೊದಲು ಒಬ್ಬ ಮನುಷ್ಯನ ಕೈ ದಾಟಿ ಹೋಗಬೇಕು; ಆ ಕೈ ಸೌಡಿಯದು. ಯಾರ ಪಾಳಿ ಯಾವತ್ತು, ಯಾವ ಗೇಟನ್ನು ಎಷ್ಟು ಸುತ್ತು ಎತ್ತಬೇಕು, ಯಾವಾಗ ಇಳಿಸಬೇಕು, ಇಷ್ಟೇ ಕೆಲಸ. ಟೋಪಿ ಇಲ್ಲ, ಬಿಲ್ಲೆ ಇಲ್ಲ, ಕೈಯಲ್ಲಿ ಗೇಟು ತಿರುಗಿಸುವ ಒಂದು ಕಬ್ಬಿಣದ ಹಿಡಿ. ಆದರೆ ನಾಟಿಯ ತಿಂಗಳಲ್ಲಿ ಎಂಥೆಂಥವರು ಬೈಕು ನಿಲ್ಲಿಸಿ, ಇಳಿದು, “ಸೌಡಣ್ಣಾ, ಕಾಫಿ ಆತಾ?” ಅಂತ ಕೇಳುತ್ತಿದ್ದರು. ಐದು ವರ್ಷದ ಹಿಂದೆ, ನಿವೃತ್ತಿಯಾದ ಮರುದಿನ, ಅದೇ ಏರಿಯ ಮೇಲೆ ಅದೇ ಜನ ಹಾರ್ನ್ ಹೊಡೆದು, “ಒಂಚೂರು ಸರೀರಿ ಅಜ್ಜಾರೆ” ಅಂದರು. ಅಣ್ಣ ಅಜ್ಜನಾಗಲು ಒಂದೇ ದಿನ ಸಾಕಾಯಿತು.

ನೀರಿನ ಹುಚ್ಚು ನನಗೆ ಕೆಲಸದಿಂದ ಬಂದದ್ದಲ್ಲ, ಅಜ್ಜಿಯಿಂದ ಬಂದದ್ದು. ವರ್ಷಕ್ಕೊಮ್ಮೆ ಚಾನಲ್ಲಿಗೆ ಮೊದಲ ನೀರು ಬಿಡುವ ದಿನ ಅಜ್ಜಿ ತಟ್ಟೆಯಲ್ಲಿ ಅರಿಶಿನ ಕುಂಕುಮ, ಎರಡು ಬಾಳೆಹಣ್ಣು ಇಟ್ಟುಕೊಂಡು ಏರಿಯ ಮೇಲೆ ಕೂರುತ್ತಿದ್ದಳು. ನಾವು ಹುಡುಗರು ಬತ್ತಿದ ಚಾನಲ್ಲಿನ ಒಳಗೆ ಇಳಿದು ನೀರಿನ ತಲೆ ಬರುವುದನ್ನು ಕಾಯುತ್ತಿದ್ದೆವು. ಮೊದಲ ನೀರು ನೀರಿನ ಹಾಗೆ ಇರುವುದಿಲ್ಲ. ಒಣಗಿದ ಎಲೆ, ಕಡ್ಡಿ, ಇರುವೆ, ಯಾರದೋ ಒಂಟಿ ಚಪ್ಪಲಿ ಎಲ್ಲವನ್ನೂ ತಳ್ಳಿಕೊಂಡು, ಚರಚರ ಸದ್ದು ಮಾಡುತ್ತ, ಕಸದ ಹಾವಿನಂತೆ ಬರುತ್ತದೆ. ಅದರ ಮುಂದೆ ಮುಂದೆ ಓಡುವುದು ನಮ್ಮ ಆಟ. ಮುಟ್ಟಿದರೆ ಔಟು. ಅಜ್ಜಿ ಮಾತ್ರ ನೆಂಟರ ಮನೆಯಿಂದ ತಡವಾಗಿ ಬಂದ ಸೊಸೆಯನ್ನು ವಿಚಾರಿಸಿಕೊಳ್ಳುವ ಧಾಟಿಯಲ್ಲಿ ನೀರನ್ನೇ ಗದರುತ್ತಿದ್ದಳು: “ಬಂದ್ಯೇನವ್ವಾ? ಈಗ ದಾರಿ ಕಾಣ್ತೇನು? ಬಾ, ಬಾ, ಕೊನೀ ಗದ್ದೆ ಮಂದಿ ಬಾಯಿ ಒಣಗಿಸ್ಕೊಂಡು ಕುಂತಾರೆ, ಅವರನ್ನ ಮೊದಲು ನೋಡು.” ನಾನು ಮಾತು ಕಲಿತದ್ದು ಅವಳ ಬಾಯಿಂದ. ಚೆನ್ನಾಗಿ ಆಡಿದ ಮಾತು ಯಾರ ಬಾಯಿಂದ ಬಂದರೂ, ಯಾರ ಮೇಲೆ ಬಂದರೂ, ಕೇಳಿ ಖುಷಿಪಡುವ ಚಟವೂ ಅಲ್ಲಿಂದಲೇ ಅಂಟಿದ್ದು. ಆ ಚಟದಿಂದ ಏನಾಯಿತೆಂದು ಹೇಳಬೇಕು. ಹೇಳುತ್ತೇನೆ.

ಅದಕ್ಕೆ ಮೊದಲು ಹಿತ್ತಲು. ನಿವೃತ್ತಿಯ ನಂತರ ಹಿತ್ತಲಿಗೆ ಇಳಿದೆ. ಅಲ್ಲಿ ಸರೋಜಾ ಬಸಳೆ, ಹೀರೆ, ಬದನೆ, ಎರಡು ಸಾಲು ಕಾಕಡ ಹೂವು ಹಾಕಿಕೊಂಡು ಕೊಡದಲ್ಲಿ ನೀರು ಹೊಯ್ದು ಹೇಗೋ ನಡೆಸಿಕೊಂಡಿದ್ದಳು. ನಾನು ಹೋದವನೇ ನಲ್ಲಿಯಿಂದ ಒಂದು ಪುಟ್ಟ ಕಾಲುವೆ ತೆಗೆದು, ಅದಕ್ಕೆ ಕವಲು ಮಾಡಿ, ಒಂದೊಂದು ಪಾತಿಗೂ ದಿನ ಗೊತ್ತುಮಾಡಿದೆ. ಬಸಳೆಗೆ ಸೋಮವಾರ, ಹೀರೆಗೆ ಮಂಗಳವಾರ, ಕೊನೆಯಲ್ಲಿದ್ದ ಬದನೆಗೆ ಶುಕ್ರವಾರ. ಬುಧವಾರ ಬದನೆ ತಲೆ ಬಾಗಿಸಿತು.

“ಬದನೆ ಬಾಡ್ತಾ ಅದೆ, ಒಂದು ಚೊಂಬು ನೀರು ಬಿಡಿ.”

“ಶುಕ್ರವಾರ ಐತಿ ಅದರದ್ದು.”

“ಎಂತ, ಬದನೆಗಿಡ ಅರ್ಜಿ ಬರ್ಕೊಡಬೇಕಾ ನಿಮಗೆ? ಹೆಬ್ಬೆಟ್ಟು ಒತ್ತಿಸ್ಲಾ?”

ನಾನು ನಕ್ಕೆ. ಆಕೆ ನಗಲಿಲ್ಲ. ಕೊಡ ತಂದು ಬದನೆಯ ಬುಡಕ್ಕೆ ಹೊಯ್ದು, ಕೊಡವನ್ನು ನನ್ನ ಕಾಲ ಬಳಿ ಸ್ವಲ್ಪ ಜೋರಾಗಿಯೇ ಇಟ್ಟು ಒಳಗೆ ಹೋದಳು. ನಮ್ಮ ಮನೆಯಲ್ಲಿ ಪಾಳಿಯ ವಿಷಯ ತಮಾಷೆಗೆ ಎತ್ತುವಂಥದ್ದಲ್ಲ ಎಂಬುದು ನನಗೆ ನೆನಪಾಗುವುದು ಯಾವಾಗಲೂ ನಕ್ಕ ಮೇಲೆ.

ನಮಗೆ ಇಬ್ಬರು ಮಕ್ಕಳು. ಮಗ, ಸೊಸೆ ನಮ್ಮ ಜೊತೆಗೇ ಇದ್ದಾರೆ. ಅವರ ಮೇಲೆ ದೂರಿಲ್ಲ, ಹಾಗಾಗಿ ಬರೆಯುವುದಕ್ಕೂ ಏನಿಲ್ಲ. ಮಗಳು ರೇಣುಕಾ. ಅವಳನ್ನು ಕೊಟ್ಟದ್ದು ಇದೇ ಚಾನಲ್ಲಿನ ಒಂದು ಕವಲಿನ ಕೊಟ್ಟಕೊನೆಯ ಊರಿಗೆ. ಮೂರನೇ ಸೇತುವೆಯ ಹತ್ತಿರ ಆ ಕವಲು ಒಡೆಯುತ್ತದೆ. ಅಲ್ಲಿಂದ ಅವಳ ಮನೆ ಮೂರು ಮೈಲಿ. ನಮ್ಮ ವಾಕಿಂಗ್ ದಿನವೂ ಆ ಸೇತುವೆಗೆ ಮುಗಿಯುತ್ತದೆ. ಸರೋಜಾ ಅಲ್ಲಿ ಕಟ್ಟೆಯ ಮೇಲೆ ಎರಡು ನಿಮಿಷ ಕೂತು, ಆ ಕಡೆ ನೋಡಿ, ಎದ್ದು, ಹಿಂದಕ್ಕೆ ತಿರುಗುತ್ತಾಳೆ. ಯಾಕೆಂದರೆ ಮಗಳು ನನ್ನೊಡನೆ ಮಾತು ಬಿಟ್ಟು ಒಂಬತ್ತು ವರ್ಷವಾಯಿತು. ತಾಯಿಗೆ ಫೋನ್ ಮಾಡುತ್ತಾಳೆ. ನಾನು ಎತ್ತಿದರೆ “ಅಮ್ಮಂಗೆ ಕೊಡು” ಅನ್ನುತ್ತಾಳೆ. ಒಂಬತ್ತು ವರ್ಷದಲ್ಲಿ ನನಗೆ ಸಿಕ್ಕ ಮಾತು ಆ ಎರಡೇ.

ಮದುವೆಯ ಮಾತುಕತೆಯ ದಿನ ಬೀಗರು ವೀಳ್ಯ ಮಡಿಸುತ್ತ ಹೇಳಿದ್ದರು: “ನಮಗೆ ಬೇರೆ ಏನೂ ಬ್ಯಾಡ್ರಿ. ಸೌಡಿ ಮಗಳು ಬಂದ್ರೆ ನೀರೇ ಬಂದಂಗೆ.” ಎಷ್ಟು ಚಂದದ ಮಾತು ಅಂತ ನಾನು ಹಿಗ್ಗಿದೆ. ಅದು ಚಂದದ ಮಾತಲ್ಲ, ಕರಾರು ಅಂತ ಸರೋಜಾಗೆ ಆಗಲೇ ಹೊಳೆದಿತ್ತಂತೆ. ಹೇಳಿದರೆ ನಾನು ಕೇಳುತ್ತಿರಲಿಲ್ಲ, ಬಿಡಿ.

ಎರಡನೇ ವರ್ಷದ ಬೇಸಿಗೆ ಬೆಳೆ. ಡ್ಯಾಮಿನಲ್ಲಿ ನೀರು ಕಮ್ಮಿ, ಪಾಳಿ ಕಟ್ಟುನಿಟ್ಟು. ಅವಳ ಗಂಡನ ಮನೆಯ ಭತ್ತಕ್ಕೆ ಹಾಲು ತುಂಬುವ ಹೊತ್ತು. ಅರ್ಧ ದಿನ ನೀರು ಸಿಕ್ಕರೂ ಬದುಕುತ್ತಿತ್ತು. ಸೋಮವಾರ ಬೆಳಿಗ್ಗೆ ಅವಳೇ ನಡೆದುಕೊಂಡು ಬಂದಳು. ನಾನು ಮೂರನೇ ಸೇತುವೆಯ ಹತ್ತಿರವೇ ಇದ್ದೆ. ಸುತ್ತ ಮೇಲಿನ ಊರುಗಳ ಹತ್ತು ಹನ್ನೆರಡು ಮಂದಿ ರೈತರು ತಮ್ಮ ಪಾಳಿಗೆ ಕಾಯುತ್ತ ಕೂತಿದ್ದರು. ಅವಳನ್ನು ಕಂಡದ್ದೇ ಒಬ್ಬ ಬೀಡಿ ತೆಗೆದು ಅಂದ: “ಸೌಡಣ್ಣಾ, ಮಗಳು ಬಂದಾಳೆ. ಇನ್ನೇನು, ನಾವು ಮನೀಗೆ ಹೋಗೋದೇ ಸೈ!”

ಎಲ್ಲರೂ ಗೊಳ್ಳೆಂದರು. ರೇಣುಕಾ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಅಪ್ಪಾ, ಮಧ್ಯಾಹ್ನದ ತನಕ ಬಿಡು ಸಾಕು” ಅಂದಳು. ನಾನು ತಗ್ಗಿದ ದನಿಯಲ್ಲಿ ಉತ್ತರ ಕೊಡಬಹುದಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: “ನಿಮ್ಮ ಪಾಳಿ ಗುರುವಾರ ಐತಿ. ಗುರುವಾರ ಬಾ.”

“ಸೌಡಿ ಅಂದ್ರೆ ಹಿಂಗಿರಬೇಕು ನೋಡ್ರೋ!” ಅಂದ ಬೀಡಿಯವನು. ಅವಳು ಬಂದ ದಾರಿಯಲ್ಲೇ ಹೋದಳು. ಅವತ್ತು ಮಧ್ಯಾಹ್ನ ನಾನು ಒಂದು ರೊಟ್ಟಿ ಜಾಸ್ತಿಯೇ ಉಂಡೆ. ಗುರುವಾರ ಗೇಟು ಎತ್ತಿದೆ. ಮೇಲಿನವರು ಬದುವಿನ ಬಾಯಿ ಕಡಿದು ನೀರನ್ನು ತಮ್ಮ ಗದ್ದೆಗಳಿಗೆ ತಿರುಗಿಸಿಕೊಂಡಿದ್ದರಿಂದ ನೀರು ಅರ್ಧ ದಾರಿಯನ್ನೂ ದಾಟಲಿಲ್ಲ. ಭತ್ತ ನಿಂತಲ್ಲೇ ಬೆಳ್ಳಗಾಯಿತು. ದನಕ್ಕೆ ಹಾಕಿದರು.

ನಾನು ಕಾನೂನಿನ ಮನುಷ್ಯ, ಅದಕ್ಕೇ ಹೀಗಾಯಿತು ಅಂತ ಬರೆದು ಮುಗಿಸಿದರೆ ನೀವು ನನ್ನನ್ನು ಮೆಚ್ಚಿಕೊಂಡೀರಿ. ಮೆಚ್ಚಬೇಡಿ. ಮೂವತ್ತೆರಡು ವರ್ಷದಲ್ಲಿ ನಾನು ಎಷ್ಟು ಸಲ ಗೇಟನ್ನು ಪಾಳಿಯಿಲ್ಲದೆ ಅರ್ಧ ಸುತ್ತು ತಿರುಗಿಸಿದ್ದೇನೋ ಲೆಕ್ಕವಿಲ್ಲ. ದೊಡ್ಡವರ ತೋಟಕ್ಕೆ ಅರ್ಧ ಸುತ್ತು. ದೊಣ್ಣೆ ಹಿಡಿದು ಬಂದವನಿಗೆ, ಹೆದರಿ, ಅರ್ಧ ಸುತ್ತು. ಹೆಂಡತಿಗೆ ಹುಷಾರಿಲ್ಲವೆಂದು ಅತ್ತವನಿಗೆ ಅರ್ಧ ಸುತ್ತು. ಅವನ ಹೆಂಡತಿಯನ್ನು ಮರುದಿನ ಸಂತೆಯಲ್ಲಿ ಕಂಡೆ, ಗಟ್ಟಿಮುಟ್ಟಾಗಿ ಬಳೆಗೆ ಚೌಕಾಸಿ ಮಾಡುತ್ತಿದ್ದಳು. ಅರ್ಧ ಸುತ್ತಿನಿಂದ ಯಾರಿಗೂ ಕಾಣುವಂಥ ವ್ಯತ್ಯಾಸ ಆಗುವುದಿಲ್ಲ, ಒಬ್ಬನ ಗದ್ದೆ ಬದುಕುತ್ತದೆ. ಸರೋಜಾಗೆ ಇದೆಲ್ಲ ಗೊತ್ತು, ನಾನೇ ರಾತ್ರಿ ಊಟದ ಹೊತ್ತಿಗೆ ಕಥೆ ಮಾಡಿ ಹೇಳುತ್ತಿದ್ದೆನಲ್ಲ. ಭತ್ತ ಒಣಗಿದ ಸುದ್ದಿ ಬಂದ ದಿನ ಆಕೆ ಒಂದೇ ಮಾತು ಅಂದದ್ದು: “ಊರಿಗೆಲ್ಲ ಅರ್ಧ ಸುತ್ತು. ಮಗಳಿಗೆ ಕಾನೂನು.”

ಆದರೂ ರೇಣುಕಾ ಮಾತು ಬಿಟ್ಟದ್ದು ಅದಕ್ಕಲ್ಲ. ಎರಡು ತಿಂಗಳ ನಂತರ ಅವರ ಮನೆಗೆ ಹೋಗಿದ್ದೆ. ಜಗಲಿಯಲ್ಲಿ ಬೀಗರು, ಅವರ ನಾಲ್ಕು ಜನ ನೆಂಟರು. ಬೀಗರು ಒಳಗೆ ತಿರುಗಿ ಕೂಗಿದರು: “ಏನವ್ವಾ, ಕುಡಿಯಾಕೆ ನೀರು ತರ್ತೀಯೋ, ಇಲ್ಲಾ ನಮ್ಮ ಪಾಳಿ ಗುರುವಾರಾನೋ?”

ಹೇಳಿದೆನಲ್ಲ, ಚೆನ್ನಾಗಿ ಆಡಿದ ಮಾತಿಗೆ ನಗದೆ ಇರಲಾರದ ಚಟ ಅಂತ. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆ. ಬಾಗಿಲಲ್ಲಿ ರೇಣುಕಾ ಚೊಂಬು ಹಿಡಿದು ನಿಂತಿದ್ದಳು. ಆ ಮಾತು ಅವತ್ತಿನದಲ್ಲ, ದಿನಕ್ಕೆ ನಾಲ್ಕು ಸಲ ಅವಳ ಮೇಲೆ ಬೀಳುತ್ತಿದ್ದ ಮಾತು ಅಂತ ನನಗೆ ಗೊತ್ತಾದದ್ದು ಆಮೇಲೆ. ಚೊಂಬನ್ನು ಮಾವನ ಮುಂದೆ ಇಟ್ಟಳು. ನನ್ನ ಮುಂದೆ ಇಡಲಿಲ್ಲ. ಅವತ್ತಿನಿಂದ ಮಾತಿಲ್ಲ.

ಈ ವರ್ಷ ಮಳೆ ಚೆನ್ನಾಗಿಯೇ ಆಯಿತು. ಡ್ಯಾಮು ತುಂಬಿ ಚಾನಲ್ಲಿಗೆ ನೀರು ಬಿಟ್ಟರು. ಆದರೆ ಮೂರನೇ ಸೇತುವೆಯ ಕವಲು ಮಾತ್ರ ಒಣಗಿಕೊಂಡೇ ಇತ್ತು. ಒಂದು ದಿನ ನೋಡಿದೆ, ಎರಡು ದಿನ ನೋಡಿದೆ. ಹೊಸ ಸೌಡಿಗೆ ಇಬ್ಬರು ಮಕ್ಕಳು, ಒಂದು ಬೈಕು, ಎರಡು ಫೋನು, ಕೆಲಸವೆಲ್ಲ ಫೋನಿನಲ್ಲೇ. ಮರೆತಿರಬೇಕು ಅಂದುಕೊಂಡೆ. ಅವನನ್ನು ಕೇಳಬಹುದಿತ್ತು. ನಿನ್ನೆ ಮೊನ್ನೆ ಬಂದವನ ಹತ್ತಿರ ನೀರಿನ ವಿಷಯ ಕೇಳಿ ತಿಳಿದುಕೊಳ್ಳುವುದೇ, ನಾನು?

ಮೂರನೆಯ ದಿನ ಸರೋಜಾ ಸೇತುವೆಯ ಕಟ್ಟೆಯಿಂದ ಎದ್ದು ಮನೆಯ ಕಡೆ ಹೊರಟಳು. ನಾನು ಹಿಂದೆ ಉಳಿದೆ. ಅದು ದಿನವೂ ಇದ್ದದ್ದೇ, ಆಕೆಗೆ ಅನುಮಾನ ಬರಲಿಲ್ಲ. ಏರಿಯ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ. ಸೇತುವೆಯ ಕಮಾನಿನ ಸಂದಿಗೆ ಕೈ ಹಾಕಿದೆ. ನಾನು ಗೇಟಿನ ಹಿಡಿ ಬಚ್ಚಿಡುತ್ತಿದ್ದ ಜಾಗದಲ್ಲೇ ಹೊಸಬನೂ ಇಟ್ಟಿದ್ದ. ಈಗ ನನ್ನನ್ನು ಸಸ್ಪೆಂಡ್ ಮಾಡುವವರು ಯಾರು ಅಂದುಕೊಂಡು ನಗುಬಂತು. ಅರ್ಧ ಸುತ್ತಲ್ಲ, ಆರು ಸುತ್ತು ಎತ್ತಿದೆ. ನೀರು ಕವಲಿಗೆ ನುಗ್ಗಿತು. ಎಲೆ, ಕಡ್ಡಿ ತಳ್ಳಿಕೊಂಡು ಅದು ಮಗಳ ಊರಿನ ಕಡೆ ಹೋಗುವುದನ್ನು ನೋಡುತ್ತ ನಿಂತೆ. ಒಂಬತ್ತು ವರ್ಷದ ಮೇಲೆ ಅವಳಿಗೆ ನಾನು ಏನೋ ಹೇಳಿ ಕಳಿಸಿದ ಹಾಗಿತ್ತು.

ಮನೆಗೆ ಬಂದು ತಿಂಡಿಗೆ ಕೂತೆ. ಸರೋಜಾ ದೋಸೆ ಹಾಕುತ್ತ ನನ್ನ ಮುಖ ನೋಡಿ, “ಎಂತ, ಒಬ್ಬೊಬ್ಬರೇ ನಗಾಡ್ತಾ ಇದ್ದೀರಿ?” ಅಂದಳು.

“ಮೂರನೇ ಸೇತುವೆ ಗೇಟು ಎತ್ತಿ ಬಂದೆ. ರೇಣಿ ಗದ್ದಿಗೆ ಇಷ್ಟೊತ್ತಿಗೆ ನೀರು ಮುಟ್ಟಿರ್ತೈತಿ.”

ಆಕೆಯ ಕೈಯಲ್ಲಿದ್ದ ಸೌಟು ನಿಂತಿತು. “ಎಂತ ಮಾಡಿದ್ರಿ?”

“ಭತ್ತಕ್ಕೆ ನೀರು…”

“ಎಲ್ಲಿ ಭತ್ತ ಮಾರಾಯ್ರೆ! ಅವರು ಅಲ್ಲಿ ಶುಂಠಿ ಹಾಕಿದಾರೆ! ಭತ್ತ ಬಿಟ್ಟು ನಾಕು ವರ್ಷ ಆತು! ಆ ಕವಲಿನವರೆಲ್ಲ ಸೇರಿ, ಈ ವರ್ಷ ನೀರು ಬೇಡ ಅಂತ ಆ ಹೊಸ ಸೌಡಿ ಹತ್ರ ಗೇಟು ಹಾಕಿಸಿದ್ದು!”

“ನನಗ್ಯಾರು ಹೇಳಿದ್ರು?”

“ನೀವು ಕೇಳಿದ್ರಾ?”

ಶುಂಠಿಯ ಬುಡದಲ್ಲಿ ಅರ್ಧ ದಿನ ನೀರು ನಿಂತರೆ ಗೆಡ್ಡೆಗೆ ಕೊಳೆ ಹತ್ತುತ್ತದೆ. ಮಣ್ಣೇರಿಸಿ ಮಾಡಿದ ಒಂದು ಮಡಿಗೆ ಹತ್ತಿದರೆ ಉಳಿದವಕ್ಕೂ ಹಬ್ಬುತ್ತದೆ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಸರೋಜಾ ಒಲೆ ಆರಿಸಿದಳು. ಫೋನ್ ಮಾಡಿದಳು, ರೇಣುಕಾ ಎತ್ತಲಿಲ್ಲ. ಮಗನ ಸ್ಕೂಟರ್ ಹತ್ತಿ ಹೊರಟೆವು. ಸೇತುವೆಯ ಬಳಿ ಇಳಿದು ಗೇಟು ಇಳಿಸಿದೆ. ಆಕೆ ಸ್ಕೂಟರ್ ಮೇಲೆಯೇ ಕೂತು, ಮುಖ ಬೇರೆ ಕಡೆ ಮಾಡಿಕೊಂಡಿದ್ದಳು.

ಕವಲಿನ ಉದ್ದಕ್ಕೂ ನೋಡುತ್ತ ಹೋದೆ. ಯಾರಿಗೂ ನೀರು ಬೇಡವಾಗಿದ್ದರಿಂದ ಮೇಲಿನ ಗದ್ದೆಗಳ ಬಾಯಿಗಳೆಲ್ಲ ಭದ್ರವಾಗಿ ಮುಚ್ಚಿದ್ದವು. ಒಬ್ಬನೂ ಕಡಿದುಕೊಂಡಿರಲಿಲ್ಲ, ಒಂದು ಹನಿ ಎಲ್ಲೂ ಸೋರಿರಲಿಲ್ಲ. ನಾನು ಕೆಲಸದಲ್ಲಿದ್ದ ಮೂವತ್ತೆರಡು ವರ್ಷದಲ್ಲಿ ಕೊನೆಯ ಗದ್ದೆಯವರೆಗೆ ನೀರು ಇಷ್ಟು ಸಲೀಸಾಗಿ ಹೋದದ್ದೇ ಇಲ್ಲ.

ಮಗಳ ಮನೆಯವರ ಹೊಲದ ಮೂಲೆಯಲ್ಲಿ ಬದು ಒಡೆದು ನೀರು ಒಳಗೆ ಹರಡಿತ್ತು. ಹಸಿರು ಮಡಿಗಳ ನಡುವೆ ಆಕಾಶ ಹೊಳೆಯುತ್ತಿತ್ತು. ಅಳಿಯ ಬಸವರಾಜ ಬಸಿಗಾಲುವೆ ಅಗೆಯುತ್ತಿದ್ದ. ರೇಣುಕಾ ಸೀರೆ ಎತ್ತಿ ಕಟ್ಟಿಕೊಂಡು ಮೊಳಕಾಲವರೆಗೆ ಕೆಸರಿನಲ್ಲಿ ನಿಂತು ಗುದ್ದಲಿ ಬೀಸುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಒಂಬತ್ತು ವರ್ಷ ಅಂದರೆ ಸುಮ್ಮನೆಯಲ್ಲ. ಬದುವಿನ ಮೇಲೆ ಬೀಗರು ಕೋಲೂರಿ ನಿಂತು, ಕರೆಸಿಕೊಂಡಿದ್ದ ಹೊಸ ಸೌಡಿಯನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರು. “ನಿನ್ನ ಮ್ಯಾಲಿನವರಿಗೆ ಬರೀತೀನಿ. ನಾಳೆ ಈ ಏರಿ ಮ್ಯಾಲೆ ನಿನ್ನ ಕಾಲು ಇಡಿಸಲ್ಲ!” ಅವನು “ನಾ ಮುಟ್ಟಿಲ್ಲ ಯಜಮಾನ್ರೆ, ಮಕ್ಕಳಾಣೆ ಮುಟ್ಟಿಲ್ಲ” ಅನ್ನುತ್ತಿದ್ದ.

“ಬಿಟ್ಟಿದ್ದು ನಾನು” ಅಂದೆ.

ಬೀಗರು ತಿರುಗಿದರು. ಅವರ ಬಾಯಿಂದ ಒಂದು ಒಳ್ಳೆಯ ಮಾತು ಬಂದೀತೆಂದು ಕಾದೆ. ಆ ಹೊತ್ತಿನಲ್ಲೂ ಕಾದೆ ನೋಡಿ. ಅವರಿಗೆ ಏನೂ ಹೊಳೆಯಲಿಲ್ಲ.

ರೇಣುಕಾ ಗುದ್ದಲಿ ಊರಿ ನಿಂತಳು. ನನ್ನನ್ನೇ ನೋಡಿ ಕೇಳಿದಳು: “ಇವತ್ತು ಯಾಕೆ ಬಿಟ್ಟೆ ಅಂತ ಕೇಳಲ್ಲ. ಅವತ್ತು ಯಾಕೆ ಬಿಡ್ಲಿಲ್ಲ, ಅದನ್ನ ಹೇಳು.”

ಪಾಳಿ ಅನ್ನಲು ಬಾಯಿ ತೆರೆದೆ. ಪಕ್ಕದಲ್ಲಿ ಸರೋಜಾ ನಿಂತಿದ್ದಳು. ಆಕೆಯ ಎದುರು ಆ ಮಾತು ಹೇಳಲಾಗಲಿಲ್ಲ.

“ಜನ ನೋಡ್ತಿದ್ರವ್ವಾ” ಅಂದೆ.

ಅವಳಿಗೆ ಕೋಪ ಬಂದ ಹಾಗೆ ಕಾಣಲಿಲ್ಲ. ತುಂಬ ದಿನದಿಂದ ಗೊತ್ತಿದ್ದದ್ದನ್ನು ಮತ್ತೊಬ್ಬರ ಬಾಯಲ್ಲಿ ಕೇಳಿದ ಹಾಗಿದ್ದಳು.

“ಇವತ್ತು ಯಾರೂ ನೋಡ್ತಿರ್ಲಿಲ್ಲ, ಹೌದಲ್ಲೋ?”

ಅಷ್ಟು ಹೇಳಿ ಮತ್ತೆ ಗುದ್ದಲಿ ಎತ್ತಿದಳು. ಸರೋಜಾ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಕೆಸರಿಗೆ ಇಳಿದಳು. ಹೊಸ ಸೌಡಿಯೂ ಪ್ಯಾಂಟು ಮಡಚಿ ಇಳಿದ. ಮೇಲೆ ಉಳಿದವರು ನಾನು, ಬೀಗರು. ಅವರಿಗೆ ಎಂಬತ್ತಾಗಿದೆ, ನನಗೆ ಆ ನೆಪವೂ ಇಲ್ಲ. ಬದುವಿನ ಮೇಲೆ ಇನ್ನೊಂದು ಗುದ್ದಲಿ ಬಿದ್ದಿತ್ತು. ತೆಗೆದುಕೊಂಡು ಇಳಿದೆ. ಮಡಿಯ ತಲೆಯಲ್ಲಿ ನಿಂತು, ನೀರು ಹೋಗಲೆಂದು ಒಂದು ಕಡೆ ಏಟು ಹಾಕಿದೆ, ಎರಡು ಹಾಕಿದೆ.

“ಅಲ್ಲಿ ಕಡೀಬ್ಯಾಡ!” ರೇಣುಕಾ ದೂರದಿಂದ ಕೂಗಿದಳು. “ಆ ಕಡೆ ಏರು ಐತಿ. ನೀರು ವಾಪಸ್ ಬರ್ತೈತಿ. ನಿನಗೆ ಇಲ್ಲಿ ಇಳಿಜಾರು ಗೊತ್ತಿಲ್ಲಪ್ಪಾ, ಮ್ಯಾಲೆ ಹೋಗಿ ಕುಂದ್ರು.”

ನಿಂತು ನೋಡಿದೆ. ಅವಳು ಹೇಳಿದ್ದು ನಿಜ. ನಾನು ಕಡಿದ ಬಾಯಿಯಿಂದ ನೀರು ಹೊರಗೆ ಹೋಗದೆ ಒಳಗೇ ಬರುತ್ತಿತ್ತು. ಕೈಯಿಂದ ಮಣ್ಣು ಬಾಚಿ ಅದನ್ನು ಮುಚ್ಚಿ, ಗುದ್ದಲಿಯನ್ನು ಇದ್ದಲ್ಲೇ ಇಟ್ಟು, ಮೇಲೆ ಹೋಗಿ ಬೀಗರ ಪಕ್ಕದಲ್ಲಿ ಕೂತೆ.